ದನ, ಹಸು, ಎತ್ತು, ಕೋಣ: ಪಶುವಾಚಕಗಳ ಸಾಧುಪ್ರಯೋಗ ವಿಚಾರ

ಕನ್ನಡದಲ್ಲಿ ಲಿಂಗವು ಅರ್ಥವನ್ನನುಸರಿಸಿ ನಿಲ್ಲುವುದಲ್ಲದೆ ಸಂಸ್ಕೃತದಲ್ಲಿರುವಂತೆ ಶಬ್ದವನ್ನನುಸರಿಸಿ ನಿಲ್ಲುವುದಿಲ್ಲವೆಂಬುದು ವಿದ್ವಜ್ಜನರಿಗೆ ಸುವಿದಿತವೇ ಆಗಿದೆ. ಮನುಷ್ಯರಲ್ಲಿ ಗಂಡಸು ಪುಲ್ಲಿಂಗ, ಹೆಂಗಸು ಸ್ತ್ರೀಲಿಂಗ, ತಿರ್ಯಗ್ಜಂತುಗಳೆಲ್ಲವೂ ನಪುಂಸಕ. ‘ಹಸು ಬಂದಿತು’, ‘ಗೂಳಿ ಬಂದಿತು’, ‘ಎತ್ತು ಬಂದಿತು’ ಎಂಬ ಮೂರರಲ್ಲಿಯೂ ಕ್ರಿಯಾಪದವು ಒಂದೇ. ಸಂಸ್ಕೃತದಲ್ಲಾದರೋ ‘ಗೌಃ’ ಎಂಬ ಒಂದೇ ಶಬ್ದವು ಗಂಡಿಗೂ ಹೆಣ್ಣಿಗೂ ಸಲ್ಲುವುದಾದರೂ ‘ಅಯಂ ಗೌಃ’ ಎಂದರೆ ಗಂಡೆಂದೂ ‘ಇಯಂ ಗೌಃ’ ಎಂದರೆ ಹೆಣ್ಣೆಂದೂ ಜೊತೆಯಲ್ಲಿರುವ ಸರ್ವನಾಮವೇ ತಿಳಿಸಿಬಿಡುವುದು. ಕನ್ನಡದಲ್ಲಿ ಆ ಆಸರೆಯಿಲ್ಲ. ಆದುದರಿಂದ ಪ್ರಾಣಿಯ ಗಂಡುಹೆಣ್ಣುತನವನ್ನೂ ಪ್ರಾಯವನ್ನೂ ಅವಸ್ಥೆಯನ್ನೂ ತಿಳಿಸುವ ಭಾರವೆಲ್ಲ ನಾಮಪದದ ಮೇಲೆಯೇ ಬಿದ್ದಿರುವುದು. ನಾಮಪದವು ತಪ್ಪಿದಲ್ಲಿ ವಾಕ್ಯದ ಬೇರಾವ ಅಂಗವೂ ಅದನ್ನು ಸರಿಪಡಿಸಲಾರದು. ‘ಎತ್ತು ಈಯಿತೆಂದರೆ ಕೊಟ್ಟಿಗೆಯಲ್ಲಿ ಕಟ್ಟೆಂದರಂತೆ’ ಎಂಬ ಗಾದೆಯು ಹುಟ್ಟುವುದಕ್ಕೆ ಕನ್ನಡವೇ ತಕ್ಕ ನೆಲ. ‘ಈಯಿತು’ ಎಂಬಲ್ಲಿ ಸ್ತ್ರೀಲಿಂಗದ ಪ್ರತ್ಯಯವಿರುತ್ತಿದ್ದರೆ ಅದು ಕೇಳುವವನ ಕಿವಿಯಲ್ಲಿಯೇ ತೊಡರುತ್ತಿತ್ತು, ಕೊಟ್ಟಿಗೆಯವರೆಗೆ ಹೋಗುತ್ತಿರಲಿಲ್ಲ.

ಈ ವಿಚಾರವನ್ನು ಈಗ ಎತ್ತಿಕೊಳ್ಳುವುದಕ್ಕೆ ಕಾರಣವುಂಟು. ಮಂಗಳೂರಿನ ಸುತ್ತಣ ಮಕ್ಕಳ ಮನೆಮಾತು ತುಳು, ಕೊಂಕಣಿ, ಬ್ಯಾರಿ, ಮಲಯಾಳ, ಹವ್ಯಕರ ಕನ್ನಡ ಎಂದು ಹಲವು ಬಗೆ. ಅವರ ಕೈಗೆ ಬರುವ ಪಾಠಪುಸ್ತಕದ ಕನ್ನಡವಾದರೋ ಹೆಚ್ಚಾಗಿ ಘಟ್ಟದ ಮೇಲಿನದು. ಒಂದು ಶಾಲೆಯ ಹುಡುಗನು ‘ದನ ಹಾಲು ಕೊಡುತ್ತದೆ’ ಎಂದು ಬರೆದಿದ್ದ ವಾಕ್ಯದಲ್ಲಿ ‘ದನ’ವನ್ನು ಕೆಂಪು ಶಾಯಿಯಿಂದ ಹೊಡೆದು ‘ಹಸು’ ಎಂದು ತಿದ್ದಿದುದನ್ನು ಕಂಡೆನು. ಅದೇ ಪುಟದಲ್ಲಿ ‘ಗೂಳಿಗಳು ನೇಗಿಲನ್ನು ಎಳೆಯುತ್ತವೆ’ ಎಂಬ ವಾಕ್ಯಕ್ಕೆ ಸರಿಯೆಂಬ ಗುರುತು ಬಿದ್ದಿದ್ದಿತು. ನನ್ನ ಅಭಿಪ್ರಾಯದಲ್ಲಿ ತಿದ್ದಬೇಕಾದುದು ಎರಡನೆಯ ವಾಕ್ಯ. ಮೊದಲನೆಯದನ್ನು ಮುಟ್ಟತಕ್ಕದ್ದೇ ಅಲ್ಲ. ದನ, ಹಸು, ಆಕಳು ಎಂಬಿವುಗಳೊಳಗಿನ ಭೇದವು ದೇಶಭೇದ. ಗೂಳಿ, ಎತ್ತು, ಕೋಣ ಎಂಬಿವುಗಳೊಳಗಿನ ಭೇದವು ಅರ್ಥಭೇದ. ದೇಶಭೇದವನ್ನು ದೋಷವೆಂದೆಣಿಸಿ ಅರ್ಥಭೇದವನ್ನು ಕಡೆಗಣಿಸುವ ರೂಢಿಯು ಪಾಠಶಾಲೆಗಳಲ್ಲಿಯೂ ಭಾಷಾಂತರಗಳಲ್ಲಿಯೂ ಬೆಳೆಯುತ್ತಿರುವುದರಿಂದ ಎರಡನ್ನೂ ಬಿಡಿಸಿ ನೋಡುವುದು ಆವಶ್ಯಕವಾಗಿದೆ.

ಮೊದಲು ‘ದನ’ವನ್ನು ವಿಚಾರಿಸೋಣ. ಹಳಗನ್ನಡದಲ್ಲಿ ಹಿಂಡಾದ ಗೋಸಂಪತ್ತಿಗೆ ‘ತುಱು’ ಎಂಬ ಅಚ್ಚಗನ್ನಡ ಶಬ್ದವಿದ್ದಿತು. ನಾಡಿನ ಉದ್ದಗಲಕ್ಕೂ ನಿಂತಿರುವ ವೀರಗಲ್ಲುಗಳಲ್ಲಿ ಕಾಣುವ ‘ತುಱುಗೋಳ್’ ಎಂಬ ಮಾತಿನಲ್ಲಿ ಕೊಳ್ಳೆಹೋದುದು ಹಸುವೋ ಹೋರಿಯೋ ಕರುವೋ ಎಂಬ ವಿಚಾರವಿಲ್ಲ; ಊರಿನ ಸಂಪತ್ತು ಹೋಯಿತು, ಅದನ್ನು ಮರಳಿಸಲು ಹೋದವನು ಮಡಿದನು, ಇಷ್ಟೇ. ಹೆಣ್ಣನ್ನು ನಿರ್ದೇಶಿಸಿ ಹೇಳಬೇಕಾದಲ್ಲಿ ‘ಆ’, ‘ಆವು’ ಎಂಬ ಶಬ್ದಗಳಿದ್ದುವು. ಇಂದಿನ ‘ಆಕಳು’ ಆ ಕುಲದ್ದು, ತಮಿಳಿನ ‘ಆ’, ತೆಲುಗಿನ ‘ಆವು’ ಅದರ ಸೋದರಶಬ್ದಗಳು. ಕಾಲಕ್ರಮದಲ್ಲಿ ‘ತುಱು’ ಮಾತಿನಿಂದ ಜಾರಿತು. ಹನ್ನೆರಡನೆಯ ಶತಮಾನದ ವಚನಕಾರ ತುರುಗಾಹಿ ರಾಮಣ್ಣನ ಹೆಸರಿನಲ್ಲಿಯೂ ಕೆಲವು ಸಮಾಸಗಳಲ್ಲಿಯೂ ಉಳಿದಿರುವುದೇ ಈಗಿನವರಿಗೆ ಅದರ ಪರಿಚಯ. ತೆರವಾದ ಆ ಸ್ಥಾನಕ್ಕೆ ‘ಧನ’ದ ತದ್ಭವವಾದ ‘ದನ’ವು ಬಂದಿತು. ಒಡವೆಯ ಹೆಸರೇ ಗೋವಿಗೆ ಬರುವುದು ಕನ್ನಡಕ್ಕೆ ಮಾತ್ರ ಸೇರಿದ ವಿಚಿತ್ರವಲ್ಲ. ತಮಿಳಿನ ‘ಮಾಡು’ ಎಂಬುದಕ್ಕೆ ಐಶ್ವರ್ಯವೆಂಬ ಅರ್ಥವೂ ದನವೆಂಬ ಅರ್ಥವೂ ಉಂಟು. ಲ್ಯಾಟಿನ್ ಭಾಷೆಯಲ್ಲಿ ಹಣವೆಂಬರ್ಥದ ‘ಪೆಕೂನಿಯ’ ಶಬ್ದವು ಪಶುವಾಚಕವಾದ ‘ಪೆಕುಸ್’ ಎಂಬುದರಿಂದಲೇ ಹುಟ್ಟಿದುದು.

ಹೀಗೆ ಸಮುದಾಯವಾಚಕವಾದ ‘ದನ’ವು ಕರಾವಳಿಯಲ್ಲಿ ಹೆಣ್ಣಿಗೆ ಹೇಗೆ ರೂಢವಾಯಿತು? ನಮ್ಮಲ್ಲಿ ‘ಎರಡು ದನ, ಒಂದು ಹೋರಿ ಇದೆ’ ಎಂದರೆ ದನವೆಂಬುದು ಹಾಲು ಕರೆಯುವ ಜಾತಿಯ ಹೆಣ್ಣೇ. ‘ದನಗಳನ್ನು ಮೇಯಲು ಬಿಟ್ಟೆ’ ಎಂದರೆ ಹೋರಿಕರುಗಳೂ ಅದರಲ್ಲಿ ಸೇರಿಹೋಗುವುವು. ಒಂದೇ ಶಬ್ದವು ಒಮ್ಮೆ ಸಮುದಾಯಕ್ಕೂ ಒಮ್ಮೆ ಹೆಣ್ಣಿಗೂ ಸಲ್ಲುವುದು ಅವ್ಯವಸ್ಥೆಯೆಂದು ಆಕ್ಷೇಪಿಸುವವರು ಪಾಣಿನಿಯ ಏಕಶೇಷಪ್ರಕರಣವನ್ನು ಒಮ್ಮೆ ನೋಡಬೇಕು. ಗಂಡುಹೆಣ್ಣುಗಳನ್ನು ಕೂಡಿಸಿ ಹೇಳುವಾಗ ಸಾಮಾನ್ಯವಾಗಿ ಪುಲ್ಲಿಂಗವೇ ಉಳಿಯತಕ್ಕದ್ದು. ಆದರೆ ಎಳೆಯವಲ್ಲದ ಗ್ರಾಮ್ಯಪಶುಗಳ ಹಿಂಡನ್ನು ಹೇಳುವಾಗ ಸ್ತ್ರೀಲಿಂಗವು ಉಳಿಯುವುದೆಂದು ಆತನು ಪ್ರತ್ಯೇಕ ಸೂತ್ರವನ್ನೇ ರಚಿಸಿರುವನು. ಎತ್ತುಗಳೂ ಹಸುಗಳೂ ಕೂಡಿದ ಹಿಂಡಿಗೆ ‘ಗಾವ ಇಮಾಃ’ ಎಂದೇ ಪ್ರಯೋಗ. ಕರುಗಳ ಹಿಂಡಾದರೆ ‘ವತ್ಸಾ ಇಮೇ’. ಕುದುರೆಯಂಥ ಒಂಟಿಗೊರಸಿನ ಪ್ರಾಣಿಗೆ ಇದು ಸಲ್ಲದೆಂದು ವಾರ್ತಿಕವು ಮಿತಿಯನ್ನು ಹಾಕಿದೆ. ಪತಂಜಲಿಯು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗಂಡುಗಳನ್ನು ಹೊರೆಗೂ ಮಾರಾಟಕ್ಕೂ ಹಿಂಡಿನಿಂದ ಹೊರಡಿಸಿರುವುದರಿಂದ ಹಿಂಡಿನಲ್ಲಿ ಉಳಿಯುವುದು ಹೆಣ್ಣುಗಳೇ ಅಲ್ಲವೇ ಎಂದು ಲೋಕವ್ಯವಹಾರವನ್ನೇ ಮುಂದಿಡುವನು. ಹೋರಿಕರು ಹುಟ್ಟಿದೊಡನೆ ಗಿರಾಕಿಯನ್ನು ಹುಡುಕುವ ಇಂದಿನ ಹಾಲಿನ ವ್ಯಾಪಾರಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ. ಹಿಂಡಿನ ಹೆಸರು ಹೆಣ್ಣಿನದಾಗುವುದೂ ಹೆಣ್ಣಿನ ಹೆಸರು ಹಿಂಡಿನದಾಗುವುದೂ ಒಂದೇ ನಾಣ್ಯದ ಎರಡು ಮುಖಗಳಾಗಿರಲು, ಆ ಹುಡುಗನ ‘ದನ’ಕ್ಕೆ ಶಾಸ್ತ್ರದ ಬೆಂಬಲವೇ ಇರುವುದು.

ತಿದ್ದುಪಡಿಯಾಗಿ ಬರೆದ ‘ಹಸು’ವಿನ ಚರಿತ್ರೆಯೂ ಇದಕ್ಕಿಂತ ಹೆಚ್ಚು ಶುದ್ಧವಲ್ಲ. ಸಂಸ್ಕೃತದ ‘ಪಶು’ವು ಪಸುವಾಗಿ ಹಸುವಾಯಿತು, ಸಾಕಿದ ಪ್ರಾಣಿಗಳಿಗೆಲ್ಲ ಸಲ್ಲುತ್ತಿದ್ದ ಅರ್ಥವು ಹಾಲು ಕೊಡುವ ಒಂದಕ್ಕೇ ಕುಗ್ಗಿತು. ಕಾಸರಗೋಡಿನ ತೆಂಕಣ ಮಲಯಾಳದಲ್ಲಿಯೂ ‘ಪಶು’ವೆಂದರೆ ಹಸುವೇ. ಸಮುದಾಯದ ಹೆಸರು ಹೆಣ್ಣಿಗೆ ಇಳಿದುದು ‘ದನ’ದ ದೋಷವಾದರೆ ‘ಹಸು’ವಿಗೂ ಅದೇ ದೋಷವು ಅಂಟುವುದು. ಹಳೆಯ ಮೈಸೂರಿನ ಹಸು, ಬಡಗಣ ಕರ್ಣಾಟಕದ ಆಕಳು, ಕರಾವಳಿಯ ದನ ಮೂರೂ ಸಾಧುಗಳು. ‘ಹಟ್ಟಿ’ಯೂ ಇಂಥದೇ ಇನ್ನೊಂದು ಶಬ್ದ. ಬಯಲುಸೀಮೆಯಲ್ಲಿ ಹಟ್ಟಿಯೆಂದರೆ ಗೊಲ್ಲರಹಟ್ಟಿಯೆಂಬಂತೆ ಜನರು ವಾಸಿಸುವ ಕೇರಿ. ನಮ್ಮಲ್ಲಿ ಅದು ದನ ಕಟ್ಟುವ ಕೊಟ್ಟಿಗೆ. ‘ನಮ್ಮ ಹಟ್ಟಿಯಲ್ಲಿ ಸೆಗಣಿ ತೆಗೆಯುವ ಕೆಲಸವಿದೆ’ ಎಂದು ಇಲ್ಲಿಯವನು ಬರೆದರೆ ಚಿತ್ರದುರ್ಗದವರು ಊರಿನ ನೈರ್ಮಲ್ಯದ ವಿಚಾರವೆಂದು ತಿಳಿಯಬಹುದು. ಇಂಥಲ್ಲಿ ಟಿಪ್ಪಣಿಯು ಬೇಕು, ತಿದ್ದುಪಡಿ ಬೇಡ.

ಇನ್ನು ಅರ್ಥಭೇದಕ್ಕೆ ಬರುವೆನು. ತಪ್ಪುಗಳು ಹೇರಳವಾಗಿರುವುದು ಇಲ್ಲಿಯೇ. ಕನ್ನಡದಲ್ಲಿ ಗಂಡಿಗೆ ಹೋರಿ, ಗೂಳಿ, ಎತ್ತು, ಬಸವ ಎಂದು ನಾಲ್ಕು ಮುಖ್ಯ ಹೆಸರುಗಳು. ಹೋರಿಯು ಪ್ರಾಯದ ಗಂಡು. ತುಳುವಿನ ‘ಬೋರಿ’ ಇದೇ ಶಬ್ದ. ಬೀಜ ಒಡೆಸದೆ ಹಿಂಡಿನ ಬೆದೆಗೆ ಬಿಟ್ಟುದು ಗೂಳಿ. ಬೀಜ ಒಡೆಸಿ ನೊಗಕ್ಕೆ ಪಳಗಿಸಿದುದು ಎತ್ತು. ದೇವರ ಹೆಸರಿನಲ್ಲಿ ಬಿಟ್ಟುದು ಬಸವ. ಇದು ‘ವೃಷಭ’ದ ತದ್ಭವ. ಗೂಳಿಯನ್ನು ನೇಗಿಲಿಗೆ ಹೂಡಿದರೆ ಉಳುವವನ ಗತಿಯೇನಾದೀತೆಂಬುದನ್ನು ಹೊಲವನ್ನು ಕಂಡವರಿಗೆ ಹೇಳಬೇಕಾಗಿಲ್ಲ. ಹಾಗೆಯೇ ಶಿವಾಲಯದ ಮುಂದಣ ನಂದಿಯನ್ನು ‘ಎತ್ತು’ ಎಂದು ಬರೆಯುವುದೂ ಅಸಾಧು. ಕಲ್ಲಿನಲ್ಲಿ ಕಡೆದ ಶಿಲ್ಪಿಗೆ ವ್ಯತ್ಯಾಸವು ತಿಳಿದಿದ್ದಿತು.

ಅಮರಸಿಂಹನು ದ್ವಿತೀಯಕಾಂಡದ ವೈಶ್ಯವರ್ಗದಲ್ಲಿ ಉಕ್ಷಾ, ಭದ್ರ, ಬಲೀವರ್ದ, ಋಷಭ, ವೃಷಭ, ವೃಷ, ಅನಡ್ವಾನ್, ಸೌರಭೇಯ, ಗೌಃ ಎಂದು ಒಂಬತ್ತು ಹೆಸರುಗಳನ್ನು ಒಟ್ಟಿಗೆ ಹೇಳಿರುವನು. ಈ ಒಂಬತ್ತರಲ್ಲಿ ಬೀಜ ಒಡೆದುದು, ಒಡೆಯದುದು ಎಂಬ ವಿವೇಚನೆಯಿಲ್ಲ. ಕನ್ನಡದ ಒಕ್ಕಲಿಗನು ಈ ಒಂದು ವಿಷಯದಲ್ಲಿ ಕೋಶಕಾರನಿಗಿಂತ ಸೂಕ್ಷ್ಮದರ್ಶಿಯೆನ್ನಬೇಕು. ಇದರಿಂದ ಭಾಷಾಂತರಕಾರನಿಗೆ ಒಂದು ಹೊಣೆಯು ಬರುವುದು: ಮೂಲದಲ್ಲಿ ‘ವೃಷ’ವೆಂದಿದ್ದಲ್ಲಿ ಅದು ಹೂಡಿದ ಪ್ರಾಣಿಯೋ ಹಿಂಡಿನ ಒಡೆಯನೋ ಎಂಬುದನ್ನು ಸಂದರ್ಭದಿಂದ ತಿಳಿದು ಎತ್ತು ಅಥವಾ ಗೂಳಿ ಎಂದು ಬರೆಯಬೇಕು. ‘ಗೋಯುಗ’ವನ್ನು ಎರಡು ಹಸುಗಳೆಂದು ಬಿಡಿಸುವವರುಂಟು, ನೊಗದ ಕೆಳಗಿರುವುದು ಒಂದು ಜೊತೆ ಎತ್ತು. ಅಮರನೇ ಮುಂದೆ ‘ಷಂಡ’ವೆಂಬುದನ್ನು ಗೋಪತಿಯೆಂಬ ಅರ್ಥದಲ್ಲಿ, ಎಂದರೆ ಸ್ವೇಚ್ಛೆಯಾಗಿ ತಿರುಗುವ ಬೀಜದ ಗೂಳಿಯೆಂಬ ಅರ್ಥದಲ್ಲಿ ಹೇಳುವನು, ಹಿಂದಿಯ ‘ಸಾಂಡ್’ ಇಂದಿಗೂ ಆ ಅರ್ಥವನ್ನೇ ಹೊತ್ತಿದೆ. ಕನ್ನಡದಲ್ಲಿ ‘ಷಂಡ’ವೆಂದರೆ ನಪುಂಸಕನೆಂದು ರೂಢಿಯಾಗಿರುವುದು ಮಹಾಪ್ರಾಣವುಳ್ಳ ‘ಷಂಢ’ದೊಡನೆ ಬೆರೆತುದರಿಂದ. ಒಂದು ಮಹಾಪ್ರಾಣವನ್ನು ಬಿಟ್ಟುದರಿಂದ ಅರ್ಥವು ಇಷ್ಟು ಪೂರ್ಣವಾಗಿ ತಲೆಕೆಳಗಾದ ಉದಾಹರಣೆಗಳು ವಿರಳ.

ಸಾಹಿತ್ಯವನ್ನು ಕಲಿಸುವವರಿಗೆ ಇದಕ್ಕಿಂತಲೂ ಹತ್ತಿರದ ನಿದರ್ಶನವೊಂದಿದೆ. ಗೌಣಲಕ್ಷಣೆಗೆ ಆಲಂಕಾರಿಕರು ಕೊಡುವ ಪ್ರಸಿದ್ಧೋದಾಹರಣೆಯು ‘ಗೌರ್ವಾಹೀಕಃ’ ಎಂಬುದು. ವಾಹೀಕದೇಶದವನಲ್ಲಿರುವ ಜಾಡ್ಯ, ಮಾಂದ್ಯಗಳೇ ಇಲ್ಲಿ ವಿವಕ್ಷಿತ. ಇದನ್ನು ‘ವಾಹೀಕನು ಹಸು’ ಎಂದು ಕನ್ನಡಿಸಿದರೆ ಏನಾಗುವುದು? ಕನ್ನಡದಲ್ಲಿ ‘ಅವನು ಹಸುವಿನಂಥವನು’ ಎಂದರೆ ಸಾಧು, ಯಾರನ್ನೂ ನೋಯಿಸದವನು ಎಂದರ್ಥ; ಬೈಗಳು ಹೊಗಳಿಕೆಯಾಯಿತು! ‘ಎತ್ತು’ ಎಂದರೆ ದುಡಿಮೆಯ ಅರ್ಥವು ಮುಂದಾಗುವುದು. ಮಾಂದ್ಯವನ್ನೇ ಹೇಳಬೇಕಾದರೆ ಕನ್ನಡಿಗನ ಬಾಯಿಗೆ ಬರುವುದು ‘ಕೋಣ’. ಅದರ ಮುಂದೆ ಕಿನ್ನರಿ ಬಾರಿಸಿ ಪ್ರಯೋಜನವಿಲ್ಲವೆಂದು ಗಾದೆಯೇ ಇದೆ. ಮೂಲದ ಪ್ರಾಣಿಯನ್ನು ಉಳಿಸಬೇಕಾದುದರಿಂದ ನಾನು ಪಾಠದಲ್ಲಿ ‘ಎತ್ತು’ ಎಂದು ಹೇಳಿ, ಲಕ್ಷ್ಯಾರ್ಥವನ್ನು ತಿಳಿಸುವಾಗ ಕೋಣವನ್ನು ತರುತ್ತೇನೆ. ಬೇರೆಯವರು ಬೇರೆ ಬಗೆಯನ್ನು ಕಂಡಿರಬಹುದು. ಲಕ್ಷಣೆಯು ಲೋಕರೂಢಿಯ ಗುಣವನ್ನು ಹಿಡಿದು ಹುಟ್ಟುವುದರಿಂದ, ಹೆಸರು ತುಸು ಪಲ್ಲಟವಾದರೂ ಅಲಂಕಾರವು ಮುರಿದುಬೀಳುವುದೆಂಬುದಂತೂ ಇದರಿಂದ ಸ್ಪಷ್ಟ. ಕುರಿ, ಎಮ್ಮೆ, ಗೂಳಿ, ಹೋತಗಳಿಗೆ ಕನ್ನಡದ ಬೈಗಳಲ್ಲಿ ಬೇರೆ ಬೇರೆ ಸ್ಥಾನಗಳಿರುವುದನ್ನು ವಾಚಕರೇ ಬಲ್ಲರು.

ಹೆಣ್ಣಿನ ಅವಸ್ಥೆಗಳನ್ನು ಹೇಳುವಲ್ಲಿ ಅಮರನ ಸೂಕ್ಷ್ಮತೆಯು ಅಸಾಧಾರಣವಾದುದು. ಹೊಸದಾಗಿ ಈದುದು ಧೇನು, ಒಮ್ಮೆ ಮಾತ್ರ ಈದುದು ಗೃಷ್ಟಿ, ಈದು ಬಹುಕಾಲವಾದುದು ಬಷ್ಕಯಣೀ, ವರ್ಷವರ್ಷವೂ ಈಯುವುದು ಸಮಾಂಸಮೀನಾ, ಗರ್ಭ ಜಾರಿದುದು ಅವತೋಕಾ, ಬಂಜೆಯು ವಶಾ. ಇವನ್ನು ಬಾಯಿಪಾಠ ಮಾಡುವ ವಿದ್ಯಾರ್ಥಿಗೆ ಅವು ಒಣ ಶಬ್ದರಾಶಿಯಾಗಿ ತೋರುವುದು ಸಹಜ. ಆದರೆ ಹಟ್ಟಿಯ ಭಾಷೆಯನ್ನು ಬಲ್ಲವನಿಗೆ ಒಂದೊಂದಕ್ಕೂ ಕನ್ನಡದಲ್ಲಿ ಜೊತೆಯುಂಟು. ಇನ್ನೂ ಈಯದ ಪ್ರಾಯದ ಹೆಣ್ಣು ಕಡಸು, ಕೆಲವೆಡೆ ಮಣಕ, ಮೊದಲ ಸಲ ಈದುದು ಚೊಚ್ಚಲು, ಗರ್ಭದಿಂದಿರುವುದು ಗಬ್ಬ, ಗರ್ಭ ಜಾರಿದರೆ ‘ಕಂದು ಹಾಕಿತು’ ಎನ್ನುವರು, ಬಂಜೆ ಗೊಡ್ಡು, ಹಾಲಿನಲ್ಲಿರುವುದು ಕರಾವು. ‘ಧೇನು’ವನ್ನು ಕೇವಲ ಹಸುವಿಗೆ ಪರ್ಯಾಯವಾಗಿ ಕಲಿಸುವವರು, ಕಾವ್ಯದಲ್ಲಿ ಧೇನುವು ಬಂದೆಡೆಯೆಲ್ಲ ಕರುವೂ ಕೆಚ್ಚಲಿನ ಹಾಲೂ ಬೆನ್ನುಹತ್ತಿ ಬರುವುದೇಕೆಂಬುದನ್ನು ವಿವರಿಸಲಾರರು.

ಕ್ರಿಯಾಪದಗಳಲ್ಲಿಯೂ ಇಂಥ ಔಚಿತ್ಯವಿದೆ. ಮನುಷ್ಯರಿಗೆ ‘ಹೆರು’, ಪಶುಗಳಿಗೆ ‘ಈಯು’. ‘ಹಸುವು ಕರುವಿಗೆ ಜನ್ಮ ನೀಡಿತು’ ಎಂಬ ವೃತ್ತಪತ್ರಿಕೆಯ ಕನ್ನಡವು ಹಟ್ಟಿಯನ್ನೂ ಕಂಡುದಲ್ಲ, ಕೋಶವನ್ನೂ ಕಂಡುದಲ್ಲ. ಹಾಲನ್ನು ತೆಗೆಯುವುದಕ್ಕೆ ಹಳಗನ್ನಡದಲ್ಲಿ ‘ಕಱೆ’; ಕೂಗುವುದಕ್ಕೆ ‘ಕರೆ’. ಶಕಟರೇಫವು ಬರವಣಿಗೆಯಿಂದ ಮರೆಯಾದ ಮೇಲೆ ಎರಡೂ ಒಂದಾಗಿ, ‘ದನವನ್ನು ಕರೆದನು’ ಎಂಬುದು ದ್ವ್ಯರ್ಥವಾಯಿತು. ಹಳಗನ್ನಡ ಗ್ರಂಥಗಳನ್ನು ಅಚ್ಚುಹಾಕಿಸುವವರು ಱಕಾರವನ್ನು ರಕಾರವಾಗಿಸಿದರೆ ಹಾಲು ಕರೆಯುವ ಗೋಪಿಯು ಹಸುವನ್ನು ಕೂಗುವಂತಾಗುವುದು.

ಪ್ರಾಯವನ್ನು ಹಲ್ಲಿನಿಂದ ಹೇಳುವ ಪದ್ಧತಿಯನ್ನು ಇಲ್ಲಿಯೇ ಸ್ಮರಿಸಬಹುದು. ದನಕ್ಕೆ ಬಾಚಿಹಲ್ಲುಗಳು ಕೆಳದವಡೆಯಲ್ಲಿ ಮಾತ್ರ, ಎಂಟು. ಹಾಲುಹಲ್ಲು ಬಿದ್ದು ಜೊತೆಜೊತೆಯಾಗಿ ಹೊಸಹಲ್ಲು ಬರುವುದರಿಂದ ಎರಡು ಹಲ್ಲಿನದು, ನಾಲ್ಕು ಹಲ್ಲಿನದು, ಆರು ಹಲ್ಲಿನದು ಎಂದು ಜಾತ್ರೆಯಲ್ಲಿ ಎಣಿಸುವರು. ಎಂಟೂ ಬಂದರೆ ‘ಬಾಯಿಗೂಡಿತು’. ಸಂಖ್ಯೆಯ ಮುಂದೆ ‘ದಂತ’ವು ಬಂದು ವಯಸ್ಸು ತೋರಬೇಕಾದಲ್ಲಿ ‘ದತೃ’ ಎಂಬ ಆದೇಶವನ್ನು ಪಾಣಿನಿಯು ವಿಧಿಸಿರುವನು: ದ್ವಿದನ್, ಚತುರ್ದನ್, ಷೋಡನ್. ಜಾತ್ರೆಯ ದಲ್ಲಾಳಿಯ ಮಾತಿಗೂ ಅಷ್ಟಾಧ್ಯಾಯಿಯ ಐದನೆಯ ಅಧ್ಯಾಯಕ್ಕೂ ಇಷ್ಟು ಸಮೀಪದ ನೆಂಟಸ್ತಿಕೆಯಿರುವಾಗ, ಈ ಸೂತ್ರವನ್ನು ಕಲಿಸುವುದಕ್ಕೆ ಕಪ್ಪುಹಲಗೆಗಿಂತ ಒಂದು ಹೋರಿಯ ಬಾಯಿಯು ಹೆಚ್ಚು ಉಪಕಾರಿಯೆಂದು ನನಗೆ ಅನೇಕಾವರ್ತಿ ತೋರಿದೆ.

ಆಡುಕುರಿಗಳ ವಿಚಾರವು ಸಂಕ್ಷೇಪವಾದುದು. ಆಡು, ಮೇಕೆ ಎಂಬಿವು ದೇಶಭೇದ. ಎರಡೂ ಒಂದೇ ಪ್ರಾಣಿ. ತುಳುವಿನಲ್ಲಿ ಇದು ‘ಏಡ್’. ಕುರಿಯು ಬೇರೆಯೇ ಜಾತಿ. ತಮಿಳಿನಲ್ಲಿ ಮಾತ್ರ ‘ಆಡು’ ಎಂಬುದು ಎರಡಕ್ಕೂ ಸಲ್ಲುವುದರಿಂದ ಅವರು ವೆಳ್ಳಾಡು, ಚೆಮ್ಮರಿಯಾಡು ಎಂದು ವಿಶೇಷಣವನ್ನು ಕೂಡಿಸುವರು; ತಮಿಳಿನಿಂದ ಕನ್ನಡಿಸುವವರು ಇದನ್ನು ನೆನಪಿನಲ್ಲಿಡತಕ್ಕದ್ದು. ಆಡಿನ ಗಂಡು ಹೋತ, ಕುರಿಯ ಗಂಡು ಟಗರು. ‘ಮೇಷ’ವನ್ನು ಧ್ವನಿಸಾಮ್ಯದಿಂದ ಮೇಕೆಯೆಂದು ತಿಳಿಯುವವರು ಸಾಕಷ್ಟಿದ್ದಾರೆ, ಪಂಚಾಂಗದ ಮೇಷರಾಶಿಯು ಟಗರು. ಹೋತವೆಂಬ ಶಬ್ದವೂ ಗಡಿ ದಾಟಿದೊಡನೆ ಅರ್ಥವನ್ನು ಬದಲಿಸುವುದು: ತೆಲುಗಿನ ‘ಪೋತು’ ಪ್ರಾಣಿಗಳ ಗಂಡಿಗೆಲ್ಲ ಸಾಮಾನ್ಯ, ಮಲಯಾಳದ ‘ಪೋತ್ತ್’ ಕೋಣ. ಕಾಸರಗೋಡಿನ ದ್ವಿಭಾಷಿಯಾದ ವಿದ್ಯಾರ್ಥಿಯು ಹೋತವನ್ನೂ ಪೋತ್ತನ್ನೂ ಒಂದೆಂದೆಣಿಸಿದರೆ ಶಬ್ದಶಾಸ್ತ್ರದ ದೃಷ್ಟಿಯಿಂದ ಸರಿ, ಪ್ರಾಣಿಯ ದೃಷ್ಟಿಯಿಂದ ತಪ್ಪು.

ಕಡೆಯದಾಗಿ ಎಮ್ಮೆ, ಕೋಣ. ಹೆಣ್ಣು ಎಮ್ಮೆ, ಗಂಡು ಕೋಣ. ಕನ್ನಡದಲ್ಲಿ ಇದು ನಿಸ್ಸಂದಿಗ್ಧ. ಅಮರನು ಗೋವನ್ನು ವೈಶ್ಯವರ್ಗದಲ್ಲಿಟ್ಟು ಮಹಿಷವನ್ನು ಲುಲಾಯ, ಕಾಸರ, ಸೈರಿಭಗಳೊಡನೆ ಸಿಂಹಾದಿವರ್ಗದಲ್ಲಿ, ಎಂದರೆ ಕಾಡುಮೃಗಗಳ ಸಾಲಿನಲ್ಲಿ ಇಟ್ಟಿರುವನು. ಕೋಣದಿಂದಲೇ ಗದ್ದೆಯನ್ನು ಉಳುತ್ತಿದ್ದ ತುಳುನಾಡಿನಲ್ಲಿ ಅಮರನು ಹುಟ್ಟಿದ್ದರೆ ಈ ವಿಭಾಗವು ಬೇರೆಯಾಗುತ್ತಿದ್ದಿತು. ಸಂಸ್ಕೃತದ ‘ಮಹಿಷೀ’ ಎಮ್ಮೆಗೂ ಪಟ್ಟದರಾಣಿಗೂ ಸಮಾನವೆಂಬುದು ಎಲ್ಲರಿಗೂ ತಿಳಿದ ವಿನೋದ. ಆದರೆ ಮಹಿಷಾಸುರನನ್ನು ‘ಎಮ್ಮೆಯ ರೂಪದ ರಕ್ಕಸ’ನೆಂದು ವಿವರಿಸುವುದು ವಿನೋದವಲ್ಲ; ದೇವೀಮಹಾತ್ಮೆಯ ಯಕ್ಷಗಾನದಲ್ಲಿ ಕೊಂಬು ಹೊತ್ತು ಬರುವ ಆ ವೇಷವನ್ನು ಕಂಡ ಇಲ್ಲಿಯ ಮಗುವು ಅಂಥ ಪಾಠವನ್ನು ಕೇಳಿ ನಕ್ಕೀತು.

ಈ ಭೇದವು ಕೇವಲ ಪಾಠಶಾಲೆಯದಲ್ಲ, ನ್ಯಾಯಸ್ಥಾನದವರೆಗೂ ಹೋದುದು. ನಾನಿರುವ ಕದ್ರಿಯು ಕ್ರಿ. ಶ. ೯೬೮ರ ಕುಂದವರ್ಮನ ಸಂಸ್ಕೃತ ಶಾಸನದಲ್ಲಿ ‘ಕದಿರಿಕಾ’ ಎಂದು ಕಾಣಿಸಿಕೊಂಡ ಊರು. ಇಲ್ಲಿ ಮನೆಗಳೂ ಬೀದಿಗಳೂ ತುಂಬಿದ ಒಂದು ಭಾಗಕ್ಕೆ ‘ಕದ್ರಿ ಕಂಬಳ’ ಎಂಬ ಹೆಸರು ಇಂದಿಗೂ ಇದೆ. ಕಂಬಳದ ಕೆಸರಿನಲ್ಲಿ ಓಡುವುದು ಜೋಡಿ ಕೋಣಗಳು. ನೇಗಿಲು, ಹಗ್ಗ, ಅಡ್ಡಹಲಗೆ, ಕೆನೆಹಲಗೆ ಎಂಬ ವಿಭಾಗಗಳ ಹೆಸರುಗಳೇ ಅದು ಉಳುಮೆಯಿಂದ ಹುಟ್ಟಿದ ಆಟವೆಂಬುದಕ್ಕೆ ಸಾಕ್ಷಿ. ೨೦೧೧ನೆಯ ಜುಲೈ ೧೧ರಂದು ಕೇಂದ್ರಸರಕಾರವು ಪ್ರದರ್ಶನಕ್ಕೆ ಪಳಗಿಸಬಾರದ ಪ್ರಾಣಿಗಳ ಪಟ್ಟಿಯಲ್ಲಿ ‘ಬುಲ್’ ಎಂಬುದನ್ನು ಸೇರಿಸಿತು. ೨೦೧೪ನೆಯ ಮೇ ೭ರಂದು ಸರ್ವೋಚ್ಚನ್ಯಾಯಾಲಯವು ಜಲ್ಲಿಕಟ್ಟು, ಎತ್ತಿನಗಾಡಿಯ ಓಟಗಳನ್ನು ನಿಷೇಧಿಸಿತು. ೨೦೧೬ನೆಯ ನವೆಂಬರಿನಲ್ಲಿ ರಾಜ್ಯದ ಉಚ್ಚನ್ಯಾಯಾಲಯವು ಕಂಬಳಕ್ಕೂ ಮಧ್ಯಂತರ ತಡೆಯನ್ನು ಕೊಟ್ಟಿತು. ಪಟ್ಟಿಯಲ್ಲಿರುವುದು ಗೂಳಿ, ಕಂಬಳದಲ್ಲಿರುವುದು ಕೋಣ, ಒಂದರ ವಿಧಿಯು ಇನ್ನೊಂದಕ್ಕೆ ಸಲ್ಲುವುದೆಂತು ಎಂಬ ಮಾತು ಆಗ ಕರಾವಳಿಯಲ್ಲಿ ಮನೆಮನೆಯ ಚರ್ಚೆಯಾಯಿತು. ಇಂಗ್ಲಿಷಿನ ‘ಬುಲ್’ ಆನೆ, ತಿಮಿಂಗಿಲಗಳ ಗಂಡಿಗೂ ನಡೆಯುವ ಶಬ್ದವಾದುದರಿಂದ ಆ ಭಾಷೆಯಲ್ಲಿ ಅದು ವಾದಕ್ಕೆ ಎಡೆಯುಳ್ಳ ಪ್ರಶ್ನೆ. ಕನ್ನಡದಲ್ಲಿ ಪ್ರಶ್ನೆಯೇ ಏಳದು. ಓಡಿಸುವುದರಿಂದಾಗುವ ಹಿಂಸೆಯ ವಿಚಾರವು ಬೇರೆ, ಅದು ಎರಡು ಪ್ರಾಣಿಗಳಿಗೂ ಸಮಾನ; ನಾನು ಹೇಳುತ್ತಿರುವುದು ಹೆಸರಿನ ಮಾತನ್ನು ಮಾತ್ರ. ೨೦೧೭ರಲ್ಲಿ ರಾಜ್ಯವು ತಂದ ತಿದ್ದುಪಡಿಯಲ್ಲಿ ಕಂಬಳವನ್ನು ಒಂದಾಗಿಯೂ ಹೋರಿಗಳ ಓಟ, ಎತ್ತಿನಗಾಡಿಯ ಓಟಗಳನ್ನು ಮತ್ತೊಂದಾಗಿಯೂ ಹೆಸರಿಸಲಾಯಿತು. ೨೦೨೩ನೆಯ ಮೇ ೧೮ರಂದು ಐವರು ನ್ಯಾಯಮೂರ್ತಿಗಳ ಪೀಠವು ಅದನ್ನು ಎತ್ತಿಹಿಡಿಯಿತು.

ಇಷ್ಟಾದ ಮೇಲೆಯೂ ಕಂಬಳವನ್ನು ‘ಎತ್ತುಗಳ ಓಟ’ವೆಂದು ಬರೆಯುವ ಕನ್ನಡ ಬರಹಗಳು ಕಣ್ಣಿಗೆ ಬೀಳುತ್ತಿವೆ. ತುಳುವರು ಕಂಬಳದ ಕೋಣಗಳನ್ನು ‘ಎರು’ ಎನ್ನುವುದೂ, ತಮಿಳಿನಲ್ಲಿ ಎತ್ತಿಗೆ ‘ಎರುದು’ ಎಂದೂ ಎಮ್ಮೆಗೆ ‘ಎರುಮೈ’ ಎಂದೂ ಹೆಸರಿರುವುದೂ ಈ ತಪ್ಪಿಗೆ ಎಡೆಮಾಡಿರಬಹುದು. ಆದರೆ ಶಬ್ದದ ನೆಂಟಸ್ತಿಕೆಯು ಪ್ರಾಣಿಯ ಜಾತಿಯನ್ನು ಬದಲಿಸಲಾರದು. ಕಂಬಳದ ‘ಎರು’ ಎಂಬುದನ್ನು ಕನ್ನಡಿಸುವಾಗ ‘ಕೋಣ’ವೆಂದೇ ಬರೆಯತಕ್ಕದ್ದು.